ಕರೆಂಟು ಹೋದಾಗ ಯಾವುದು ನಿಲ್ಲಬಾರದು? ಆರೋಗ್ಯ ಕೇಂದ್ರಕ್ಕೆ ಬ್ಯಾಕಪ್ ವಿದ್ಯುತ್ ಲೆಕ್ಕ ಹಾಕುವ ಬಗೆ

ವಿದುರಾಶ್ವತ್ಥ: ಬೇಸಿಗೆ ಮಳೆ ಗಾಳಿ ಸಮೇತ ಬಂತೆಂದರೆ ಗೌರಿಬಿದನೂರು ಸೀಮೆಯ ಹಳ್ಳಿಗಳಲ್ಲಿ ಮೊದಲು ಹೋಗೋದು ಕರೆಂಟು. ಎಲ್ಲೋ ಒಂದು ಕೊಂಬೆ ಲೈನ್ ಮೇಲೆ ಬಿದ್ದಿರುತ್ತೆ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಗಿರುತ್ತೆ. ಬೆಸ್ಕಾಂ ಸಿಬ್ಬಂದಿ ಮಳೆಯಲ್ಲೇ ಹುಡುಕಿ ಸರಿಮಾಡುವ ಹೊತ್ತಿಗೆ ಅರ್ಧ ಗಂಟೆಯೂ ಆಗಬಹುದು, ಅರ್ಧ ರಾತ್ರಿಯೂ ಆಗಬಹುದು.

ಆ ಹೊತ್ತು ಎಲ್ಲ ಕಟ್ಟಡಕ್ಕೂ ಒಂದೇ ಅಲ್ಲ. ವಿದುರಾಶ್ವತ್ಥದ ವೀರಸೌಧದ ಚಿತ್ರಶಾಲೆಯಲ್ಲಿ ದೀಪ ಆರಿದರೆ ನೋಡಲು ಬಂದವರು ಸ್ವಲ್ಪ ಹೊತ್ತು ಹೊರಗೆ ಮರದ ನೆರಳಲ್ಲಿ ಕೂರಬಹುದು. ಆರೋಗ್ಯ ಕೇಂದ್ರದ ಹೆರಿಗೆ ಕೊಠಡಿಯಲ್ಲಿ ದೀಪ ಆರಿದರೆ ಹಾಗೆ ಕೂರೋಕೆ ಆಗಲ್ಲ. ಅದೇ ಕೇಂದ್ರದ ಲಸಿಕೆ ಪೆಟ್ಟಿಗೆಯಾದರೆ ಒಂದೆರಡು ಗಂಟೆ ಕರೆಂಟಿಲ್ಲದೆಯೂ ತಡೆಯುತ್ತೆ. ಈ ವ್ಯತ್ಯಾಸ ಗೊತ್ತಿದ್ದರೆ ಬ್ಯಾಕಪ್ ವ್ಯವಸ್ಥೆ ಅರ್ಧ ಆದಂತೆ. ಗೊತ್ತಿಲ್ಲದೆ ದೊಡ್ಡ ಜನರೇಟರ್ ತಂದಿಟ್ಟರೂ ಬೇಕಾದ ಹೊತ್ತಿಗೆ ಕೈಕೊಡುವ ಸಂಭವವೇ ಜಾಸ್ತಿ.

ಹಳ್ಳಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮಾದರಿಯಾಗಿ ಇಟ್ಟುಕೊಂಡು, ಈ ಲೆಕ್ಕ ಹಾಕುವ ಬಗೆ ಇಲ್ಲಿದೆ. ಇಲ್ಲಿನ ವ್ಯಾಟ್ ಅಂಕಿಗಳು ಮಾದರಿಗೆ ಮಾತ್ರ. ನಿಮ್ಮ ಕೇಂದ್ರದ ಯಂತ್ರಗಳ ಹಿಂದೆ ಅಂಟಿಸಿರುವ ಪ್ಲೇಟ್‌ನಲ್ಲಿ ಇರುವುದನ್ನೇ ಬರೆದುಕೊಳ್ಳಬೇಕು.

ಮೊದಲು ಪಟ್ಟಿ, ಆಮೇಲೆ ಯಂತ್ರ

ಸಾಮಾನ್ಯವಾಗಿ ನಡೆಯೋದು ಉಲ್ಟಾ. "ಎಷ್ಟು ಕೆವಿಎ ಜನರೇಟರ್ ತರೋಣ?" ಅನ್ನೋದೇ ಮೊದಲ ಪ್ರಶ್ನೆ. ಆದರೆ ಮೊದಲು ಕೇಳಬೇಕಾದ್ದು ಬೇರೆ: ಕಟ್ಟಡದ ಪ್ರತಿ ಯಂತ್ರವೂ ಕರೆಂಟಿಲ್ಲದೆ ಎಷ್ಟು ಹೊತ್ತು ತಡೆಯುತ್ತೆ? ವೈದ್ಯಾಧಿಕಾರಿ, ಸ್ಟಾಫ್ ನರ್ಸ್, ಫಾರ್ಮಸಿಸ್ಟ್, ಎಲೆಕ್ಟ್ರೀಷಿಯನ್ ನಾಲ್ಕೂ ಜನ ಒಂದು ದಿನ ಕೊಠಡಿ ಕೊಠಡಿ ಸುತ್ತಿ ಪಟ್ಟಿ ಮಾಡಿದರೆ ಯಂತ್ರಗಳು ಮೂರು ಸಾಲಿಗೆ ಬೀಳುತ್ತವೆ.

ಮೊದಲ ಸಾಲು – ಕಣ್ಣು ಮಿಟುಕಿಸುವಷ್ಟೂ ನಿಲ್ಲಬಾರದವು: ಹೆರಿಗೆ ಕೊಠಡಿ ಮತ್ತು ತುರ್ತು ಕೊಠಡಿಯ ದೀಪ, ಪರೀಕ್ಷಾ ದೀಪ, ರೋಗಿಗೆ ಹಾಕಿರುವ ಆಕ್ಸಿಜನ್ ಕಾನ್ಸಂಟ್ರೇಟರ್, ದಾಖಲೆಯ ಕಂಪ್ಯೂಟರ್ ಮತ್ತು ರೂಟರ್.

ಎರಡನೇ ಸಾಲು – ಹತ್ತಿಪ್ಪತ್ತು ನಿಮಿಷದಿಂದ ಕೆಲವು ಗಂಟೆ ತಡೆಯುವವು: ನವಜಾತ ಶಿಶುವಿನ ವಾರ್ಮರ್, ಸಕ್ಷನ್ ಯಂತ್ರ, ಲಸಿಕೆಯ ಐಎಲ್ಆರ್, ಡೀಪ್ ಫ್ರೀಜರ್, ಲ್ಯಾಬಿನ ಫ್ರಿಜ್, ವಾರ್ಡಿನ ಫ್ಯಾನು.

ಮೂರನೇ ಸಾಲು – ಕರೆಂಟು ಬರುವ ತನಕ ಕಾಯಬಹುದಾದವು: ನೀರಿನ ಮೋಟಾರು, ಆಟೋಕ್ಲೇವ್, ಗೀಸರ್, ಕಚೇರಿಯ ಎಸಿ.

ಮೊದಲ ಸಾಲಿಗೆ ಬ್ಯಾಟರಿ ಬೇಕು. ಎರಡನೆಯದಕ್ಕೆ ಜನರೇಟರ್ ಸಾಕು. ಮೂರನೆಯದಕ್ಕೆ ಏನೂ ಬೇಡ. ಪಟ್ಟಿ ಮಾಡದ ಕಡೆ ಗೀಸರ್ರೂ ವಾರ್ಮರ್ರೂ ಒಂದೇ ಲೈನಿನಲ್ಲಿರುತ್ತವೆ. ಯಾರೋ ಗೀಸರ್ ಹಾಕಿದ್ದಕ್ಕೆ ಹೆರಿಗೆ ಕೊಠಡಿಯ ಟ್ರಿಪ್ ಸ್ವಿಚ್ ಬಿದ್ದುಹೋಗುತ್ತೆ.

ಲಸಿಕೆ ಪೆಟ್ಟಿಗೆ ತಡೆಯುತ್ತೆ, ಮುಚ್ಚಳ ತೆಗೆಯದಿದ್ದರೆ

ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಅದಕ್ಕೆಂದೇ ಇರುವುದು ಐಎಲ್ಆರ್. ಇದರ ಒಳಗೋಡೆಯಲ್ಲಿ ಮಂಜುಗಡ್ಡೆಯ ಪದರ ಇರುವುದರಿಂದ, ದಿನದ 24 ಗಂಟೆಯಲ್ಲಿ 8 ಗಂಟೆ ಕರೆಂಟು ಸಿಕ್ಕರೂ ತಂಪು ಕಾಯ್ದುಕೊಳ್ಳುವಂತೆ ರೂಪಿಸಲಾಗಿದೆ. ಮೇಲಿನಿಂದ ಮುಚ್ಚಳ ತೆರೆಯುವ ಪೆಟ್ಟಿಗೆ ಇದು, ತಂಪು ಗಾಳಿ ಭಾರವಾಗಿ ಕೆಳಗೇ ನಿಲ್ಲುತ್ತೆ. ಮನೆಯ ಫ್ರಿಜ್‌ನಂತೆ ಬಾಗಿಲು ತೆಗೆದ ಕೂಡಲೇ ಹೊರಗೆ ಸುರಿದುಹೋಗಲ್ಲ.

ಹಾಗಾಗಿ ಕರೆಂಟು ಹೋದಾಗ ಲಸಿಕೆಗೆ ಬೇಕಾದ ಮೊದಲ ಬ್ಯಾಕಪ್ ಒಂದು ಶಿಸ್ತು: ಮುಚ್ಚಳ ತೆಗೆಯಬೇಡಿ. ದಿನಕ್ಕೆ ಎರಡು ಸಲ ತಾಪಮಾನ ಬರೆದಿಡುವ ಪುಸ್ತಕ ಅಪ್‌ಡೇಟ್ ಇರಲಿ. 8 ಡಿಗ್ರಿ ಕಡೆಗೆ ಏರುತ್ತಿದೆ ಅನ್ನಿಸಿದರೆ ಐಸ್‌ಪ್ಯಾಕ್ ಜೋಡಿಸಿದ ಕೋಲ್ಡ್ ಬಾಕ್ಸ್‌ಗೆ ಸ್ಥಳಾಂತರಿಸಬೇಕು. ಗಟ್ಟಿ ಮಂಜಾದ ಪ್ಯಾಕನ್ನು ಹಾಗೇ ತುಂಬಬಾರದು. ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಬರುವಷ್ಟು ಕರಗಿದ ಮೇಲೆಯೇ ಇಡಬೇಕು. ಏಕೆಂದರೆ ಪೆಂಟಾವಲೆಂಟ್, ಹೆಪಟೈಟಿಸ್-ಬಿ, ಟಿಡಿಯಂಥ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಟ್ಟಂತೆಯೇ. ಹೆದರಿ ಅತಿಯಾಗಿ ತಣ್ಣಗೆ ಮಾಡಿ ಲಸಿಕೆ ಹಾಳುಮಾಡುವುದೂ ಉಂಟು.

ಲಸಿಕೆ ಪೆಟ್ಟಿಗೆಗೆ ಇನ್ನೊಂದು ಅಪಾಯ ಇರೋದು ಕರೆಂಟು ವಾಪಸ್ ಬರುವ ಗಳಿಗೆಯಲ್ಲಿ. ವೋಲ್ಟೇಜ್ ಒಮ್ಮೆಲೇ ಏರಿದರೆ ಕಂಪ್ರೆಸರ್ ಸುಟ್ಟುಹೋಗಬಹುದು. ಒಳ್ಳೆಯ ಸ್ಟೆಬಿಲೈಜರ್ ಕರೆಂಟು ಬಂದ ಕೂಡಲೇ ಬಿಡದೆ ಒಂದೆರಡು ನಿಮಿಷ ತಡೆದು ಬಿಡುತ್ತದೆ. ಅದನ್ನು ಬೈಪಾಸ್ ಮಾಡಿ ಪ್ಲಗ್ ನೇರ ಹಾಕುವ ಅಭ್ಯಾಸ ಬಿಡಬೇಕು.

ಕರೆಂಟಿಗೆ ಬದಲಿ ಕರೆಂಟೇ ಆಗಬೇಕೆಂದಿಲ್ಲ

ಕಾನ್ಸಂಟ್ರೇಟರ್ ಕರೆಂಟು ಹೋದ ಗಳಿಗೆಯಲ್ಲೇ ನಿಲ್ಲುತ್ತೆ. ಅದರ ಪಕ್ಕದಲ್ಲೇ ಒಂದು ಬಿ-ಟೈಪ್ ಸಿಲಿಂಡರ್, ರೆಗ್ಯುಲೇಟರ್ ಹಾಕಿ, ಕೀ ನೇತುಹಾಕಿ ಇಟ್ಟಿರಬೇಕು. ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್ ಇರುತ್ತೆ. ನಿಮಿಷಕ್ಕೆ 5 ಲೀಟರ್ ಲೆಕ್ಕದಲ್ಲಿ 300 ನಿಮಿಷ, ಅಂದರೆ 5 ಗಂಟೆ. ಪೂರ್ತಿ ಖಾಲಿ ಮಾಡುವಂತಿಲ್ಲವಾದ್ದರಿಂದ 4 ಗಂಟೆ ಎಂದೇ ಹಿಡಿಯಬೇಕು. ಯಾವ ಇನ್ವರ್ಟರ್ ಕೈಕೊಟ್ಟರೂ ಇದು ಕೈಕೊಡಲ್ಲ.

ಸಕ್ಷನ್ ಯಂತ್ರಕ್ಕೆ ಕಾಲಲ್ಲಿ ತುಳಿಯುವ ಪಂಪ್ ಇದೆ. ಉಸಿರಾಟಕ್ಕೆ ಕೈಯಲ್ಲಿ ಒತ್ತುವ ಆಂಬು ಬ್ಯಾಗ್ ಇದೆ. ಆರೋಗ್ಯವಾಗಿರುವ ಮಗುವನ್ನು ವಾರ್ಮರ್ ಬಾರದ ಹೊತ್ತಲ್ಲಿ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ತಲೆಗೆ ಟೋಪಿ ಹಾಕಿ, ಮೇಲೆ ಬಟ್ಟೆ ಹೊದಿಸುವುದು ಕಾಂಗರೂ ಆರೈಕೆ. ವಾರ್ಮರ್ ಬೇಕೇಬೇಕಾದ ಮಗುವಿಗೆ ಏನು ಮಾಡಬೇಕೆನ್ನುವುದು ವೈದ್ಯರ ತೀರ್ಮಾನ. ಈ ನಾಲ್ಕೂ ಕೈಯಳತೆಯಲ್ಲಿದ್ದರೆ ಜನರೇಟರ್ ಸ್ಟಾರ್ಟ್ ಆಗುವ ತನಕ ಗಾಬರಿ ಇರಲ್ಲ.

ಬ್ಯಾಟರಿ ಲೆಕ್ಕ

ಮೊದಲ ಸಾಲನ್ನು ಕೂಡಿಸೋಣ. 20 ವ್ಯಾಟಿನ 4 ಎಲ್ಇಡಿ ದೀಪಕ್ಕೆ 80, ಪರೀಕ್ಷಾ ದೀಪಕ್ಕೆ 40, 5 ಲೀಟರ್ ಕಾನ್ಸಂಟ್ರೇಟರ್‌ಗೆ 350, ಕಂಪ್ಯೂಟರ್ ಮತ್ತು ರೂಟರ್‌ಗೆ 130. ಒಟ್ಟು 600 ವ್ಯಾಟ್.

ಇದು 2 ಗಂಟೆ ನಡೆಯಬೇಕು ಎಂದಿಟ್ಟುಕೊಂಡರೆ 1,200 ವ್ಯಾಟ್-ಅವರ್. ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತೆ. ಶೇ 85ರಷ್ಟು ಮಾತ್ರ ಹೊರಬರುತ್ತದೆ ಎಂದರೆ ಬ್ಯಾಟರಿಯಿಂದ ಸುಮಾರು 1,412 ಬೇಕು. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಿದರೆ ಅದರ ಆಯಸ್ಸು ಬೇಗ ಮುಗಿಯುತ್ತೆ. ಹಾಗಾಗಿ ಇದರ ದುಪ್ಪಟ್ಟು, 2,824 ವ್ಯಾಟ್-ಅವರ್ ಸಾಮರ್ಥ್ಯ ಇರಬೇಕು.

12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದರ ಸಾಮರ್ಥ್ಯ 1,800. ಎರಡು ಸೇರಿದರೆ 3,600. ಕಾಲ ಕಳೆದಂತೆ ಶೇ 20ರಷ್ಟು ಕುಂದಿದರೂ 2,880 ಉಳಿಯುತ್ತೆ. ನಮಗೆ ಬೇಕಾದ್ದು 2,824. ಲೆಕ್ಕ ಸರಿಹೋಯಿತು. ಹೊಸದರಲ್ಲಿ ಎಷ್ಟು ಬರುತ್ತೆ ಅಂತ ನೋಡದೆ, ಹಳೆಯದಾದ ಮೇಲೆ ಎಷ್ಟು ಉಳಿಯುತ್ತೆ ಅಂತ ನೋಡೋದೇ ಇಲ್ಲಿ ಮುಖ್ಯ. ಲಿಥಿಯಂ ಬ್ಯಾಟರಿಯನ್ನು ಶೇ 80ರವರೆಗೂ ಬಳಸಬಹುದಾದ್ದರಿಂದ ಇದೇ ಕೆಲಸಕ್ಕೆ ಸುಮಾರು 1,765 ವ್ಯಾಟ್-ಅವರ್ ಸಾಕು. ಮುಂದೆ ಕುಂದುವುದಕ್ಕೂ ಸ್ವಲ್ಪ ಸೇರಿಸಿಕೊಳ್ಳಬೇಕು. ಬೆಲೆ ಮಾತ್ರ ಹೆಚ್ಚು.

ಈಗ 700 ವ್ಯಾಟಿನ ವಾರ್ಮರನ್ನೂ ಬ್ಯಾಟರಿಗೇ ಹಾಕಿದರೆ? ಬೇಕಾದ ಸಾಮರ್ಥ್ಯ 6,100 ದಾಟುತ್ತೆ. ಅಂಥ 4 ಬ್ಯಾಟರಿ ಹೊಸದರಲ್ಲಿ 7,200 ಕೊಟ್ಟರೂ, ಶೇ 20 ಕುಂದಿದ ಮೇಲೆ 5,760 ಮಾತ್ರ. ಸಾಲದು. ಒಂದೇ ಒಂದು ಹೀಟರ್ ಬ್ಯಾಟರಿ ಖರ್ಚನ್ನು ಎರಡರಷ್ಟಕ್ಕಿಂತ ಜಾಸ್ತಿ ಮಾಡುತ್ತೆ. ಬಿಸಿ ಮಾಡುವ ಯಂತ್ರಗಳನ್ನು ಜನರೇಟರ್‌ಗೆ ಬಿಡಬೇಕು ಅನ್ನೋದು ಇದಕ್ಕೇ.

ಇನ್ವರ್ಟರ್ 'ಸೈನ್ ವೇವ್' ಇರಲೇಬೇಕು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಮೋಟಾರು, ಕಂಪ್ರೆಸರ್ ಬಿಸಿಯಾಗುತ್ತವೆ, ವೈದ್ಯಕೀಯ ಯಂತ್ರ ತಪ್ಪು ತೋರಿಸಲೂಬಹುದು. 600 ವ್ಯಾಟ್ ಹೊರೆಗೆ 24 ವೋಲ್ಟಿನ 1,500 ವಿಎ ಇನ್ವರ್ಟರ್ ಧಾರಾಳವಾಗುತ್ತೆ. 2 ಗಂಟೆ ಬಳಸಿದ ಬ್ಯಾಟರಿ ಮತ್ತೆ ತುಂಬಲು 15 ಆಂಪಿಯರ್ ಚಾರ್ಜಿಂಗ್‌ನಲ್ಲಿ 5 ಗಂಟೆ ಆಸುಪಾಸು ಬೇಕು. ದಿನಕ್ಕೆ ಮೂರ್ನಾಲ್ಕು ಸಲ ಕರೆಂಟು ಹೋಗುವ ಊರಾದರೆ ಎರಡನೇ ಸಲಕ್ಕೆ ಬ್ಯಾಟರಿ ಪೂರ್ತಿ ತುಂಬಿರಲ್ಲ ಅನ್ನೋದು ನೆನಪಿರಲಿ.

ಬ್ಯಾಟರಿಗೆ ಬಿಸಿಲು ಆಗಿಬರಲ್ಲ. ಶೀಟಿನ ಚಾವಣಿ ಕೆಳಗೆ, ಗಾಳಿಯಾಡದ ಸ್ಟೋರ್ ರೂಮಿನಲ್ಲಿ ಇಟ್ಟರೆ ಬೇಗ ಸಾಯುತ್ತೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಕಿಟಕಿ ಇರುವ ಕೋಣೆಯೇ ಆಗಬೇಕು. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುವ ಕೆಲಸ ಒಬ್ಬರ ಹೆಸರಿಗೆ ಇರಬೇಕು. "ಯಾರಾದರೂ ನೋಡ್ತಾರೆ" ಅಂದರೆ ಯಾರೂ ನೋಡಲ್ಲ.

ಜನರೇಟರ್ ಲೆಕ್ಕ

ಮೊದಲ ಸಾಲಿನ 600ಕ್ಕೆ ವಾರ್ಮರ್ 700, ಐಎಲ್ಆರ್ 150, ಡೀಪ್ ಫ್ರೀಜರ್ 200, ಲ್ಯಾಬ್ ಫ್ರಿಜ್ 150, ಸಕ್ಷನ್ 150, 6 ಫ್ಯಾನಿಗೆ 360, ಉಳಿದ ದೀಪಗಳಿಗೆ 240 ಸೇರಿಸಿದರೆ 2,550 ವ್ಯಾಟ್. ಖಾಲಿಯಾದ ಬ್ಯಾಟರಿ ಚಾರ್ಜ್ ಆಗಲು ಇನ್ನೊಂದು 450. ಒಟ್ಟು 3,000.

ಕಂಪ್ರೆಸರ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ತನ್ನ ವ್ಯಾಟಿನ ಐದು ಪಟ್ಟಿನವರೆಗೂ ಎಳೆಯಬಹುದು. ಇಲ್ಲಿ ದೊಡ್ಡದು 200 ವ್ಯಾಟಿನ ಫ್ರೀಜರ್, ಅದಕ್ಕೆ ಹೆಚ್ಚುವರಿ 800. ಹೀಗೆ 3,800 ವ್ಯಾಟ್. 0.8 ಪವರ್ ಫ್ಯಾಕ್ಟರ್‌ನಿಂದ ಭಾಗಿಸಿದರೆ 4.75 ಕೆವಿಎ. ಮುಂದೆ ಒಂದೆರಡು ಯಂತ್ರ ಸೇರುವುದಕ್ಕೂ ಜಾಗ ಬಿಟ್ಟು 7.5 ಕೆವಿಎ ಸರಿಯಾದ ಅಳತೆ.

ಇದೇ ಸೆಟ್ಟಿಗೆ 1 ಎಚ್‌ಪಿ ನೀರಿನ ಮೋಟಾರು ಹಾಕಿದರೆ ಕಥೆ ಬೇರೆ. ಓಡುವಾಗ ಸುಮಾರು 1,000 ವ್ಯಾಟ್ ಆದರೂ ಸ್ಟಾರ್ಟಿಂಗ್‌ನಲ್ಲಿ 5,000 ಎಳೆಯಬಹುದು. ಉಳಿದ 3,000 ಓಡುತ್ತಿರುವಾಗ ಮೋಟಾರು ಹಾಕಿದರೆ ದೀಪ ಮಂಕಾಗಿ ಜನರೇಟರ್ ನಿಂತೇಹೋಗಬಹುದು. ಓವರ್‌ಹೆಡ್ ಟ್ಯಾಂಕ್ ಯಾವಾಗಲೂ ತುಂಬಿಟ್ಟುಕೊಳ್ಳೋದೇ ನೀರಿನ ಬ್ಯಾಕಪ್.

ಹಾಗಂತ "ಇರಲಿ ಬಿಡಿ" ಅಂತ 25 ಕೆವಿಎ ತರುವುದೂ ತಪ್ಪು. ಸಾಮರ್ಥ್ಯದ ಶೇ 30ಕ್ಕಿಂತ ಕಡಿಮೆ ಹೊರೆಯಲ್ಲಿ ಬಹಳ ಹೊತ್ತು ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಎಂಜಿನ್ ಒಳಗೆ ಮಸಿ ಕಟ್ಟುತ್ತೆ. ಡೀಸೆಲ್ ಖರ್ಚೂ ದಂಡ.

ಜನರೇಟರ್ ಹೊಗೆಯಲ್ಲಿ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಮಳೆ ಬರುತ್ತೆ ಅಂತ ವರಾಂಡದೊಳಗೆ ಎಳೆದು ಓಡಿಸೋದು ಜೀವಕ್ಕೇ ಅಪಾಯ. ಹೊರಗೆ, ವಾರ್ಡಿನ ಕಿಟಕಿಯಿಂದ ದೂರ, ಶೀಟಿನ ಮಾಡು ಹಾಕಿ ಇಡಬೇಕು.

ಸೋಲಾರ್ ಇದೆ, ಆದರೂ ಕರೆಂಟಿಲ್ಲ!

ರಾಜ್ಯ ಆರೋಗ್ಯ ಇಲಾಖೆ ಮತ್ತು ಸೆಲ್ಕೋ ಫೌಂಡೇಶನ್ ಸೇರಿ 'ಸೌರ ಸ್ವಾಸ್ಥ್ಯ' ಹೆಸರಿನಲ್ಲಿ ರಾಜ್ಯದ 5,000 ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಒದಗಿಸುವ ಗುರಿ ಇಟ್ಟುಕೊಂಡಿವೆ. ಹಗಲಿನ ಹೊರೆಗೆ, ಬ್ಯಾಟರಿ ತುಂಬೋದಕ್ಕೆ, ಡೀಸೆಲ್ ಉಳಿಸೋದಕ್ಕೆ ಸೋಲಾರ್ ಒಳ್ಳೆಯದೇ.

ಆದರೆ ಪಂಚಾಯಿತಿ ಅಥವಾ ದಾನಿಗಳು ಸೋಲಾರ್ ಹಾಕಿಸುವಾಗ ಒಂದು ಮಾತು ಕೇಳಲೇಬೇಕು: "ಕರೆಂಟು ಹೋದಾಗ ಇದು ಓಡುತ್ತಾ?" ಬಿಲ್ ಉಳಿಸಲು ಹಾಕುವ, ಬ್ಯಾಟರಿ ಇಲ್ಲದ ಗ್ರಿಡ್-ಟೈಡ್ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತೆ. ಕಂಬದ ಮೇಲಿರುವವರಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ನಡುಮಧ್ಯಾಹ್ನ ಚಾವಣಿ ಮೇಲೆ ಪ್ಯಾನೆಲ್ ಹೊಳೆಯುತ್ತಿದ್ದರೂ ಕೆಳಗೆ ಕತ್ತಲೆ. ಬ್ಯಾಕಪ್ ಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ಅಥವಾ ಆಫ್-ಗ್ರಿಡ್ ವ್ಯವಸ್ಥೆಯೇ ಆಗಬೇಕು.

ಚೇಂಜ್‌ಓವರ್ ಸ್ವಿಚ್: ಲೈನ್‌ಮನ್ ಜೀವದ ಪ್ರಶ್ನೆ

ಜನರೇಟರ್ ವೈರನ್ನು ಗೋಡೆಯ ಪ್ಲಗ್‌ಗೆ ಚುಚ್ಚಿ ಕಟ್ಟಡಕ್ಕೆ ಕರೆಂಟು ಕೊಡುವ 'ಜುಗಾಡ್' ಅಲ್ಲಲ್ಲಿ ಇದೆ. ಮೇನ್ ಸ್ವಿಚ್ ಆಫ್ ಮಾಡೋದು ಮರೆತರೆ ಆ ಕರೆಂಟು ಮೀಟರ್ ದಾಟಿ ಹೊರಗಿನ ತಂತಿಗೆ ಹೋಗುತ್ತೆ. ಟ್ರಾನ್ಸ್‌ಫಾರ್ಮರ್ ಉಲ್ಟಾ ಕೆಲಸ ಮಾಡಿ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತೆ. ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿರುವ ಲೈನ್‌ಮನ್ ಬದುಕುವುದು ಕಷ್ಟ.

ಚೇಂಜ್‌ಓವರ್ ಸ್ವಿಚ್ ಇದ್ದರೆ ಬೆಸ್ಕಾಂ ಕರೆಂಟು ಅಥವಾ ಜನರೇಟರ್ ಕರೆಂಟು, ಎರಡರಲ್ಲಿ ಒಂದು ಮಾತ್ರ ಒಳಬರುತ್ತೆ. ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಮೊದಲ ಸಾಲನ್ನು ಬ್ಯಾಟರಿ 2 ಗಂಟೆ ಹಿಡಿದಿರುವುದರಿಂದ ಚಿಕ್ಕ ಕೇಂದ್ರಕ್ಕೆ ಕೈಯಿಂದ ತಿರುಗಿಸುವ ಸ್ವಿಚ್ ಸಾಕು, ದುಬಾರಿ ಆಟೋಮ್ಯಾಟಿಕ್ ಪ್ಯಾನೆಲ್ ಕಡ್ಡಾಯವಲ್ಲ. ಅರ್ತಿಂಗ್ ಮತ್ತು ವೈರಿಂಗ್ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಆಗಬೇಕು.

ಜನರೇಟರ್ ಕರೆಂಟು ಹಾಸಿಗೆವರೆಗೂ ಬರುತ್ತಾ?

2022ರ ಸೆಪ್ಟೆಂಬರ್ 14ರಂದು ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ವಿದ್ಯುತ್ ವ್ಯತ್ಯಯವಾದ ಹೊತ್ತಲ್ಲಿ ತೀವ್ರ ನಿಗಾ ಘಟಕದಲ್ಲಿದ್ದ ರೋಗಿಗಳು ಮೃತಪಟ್ಟದ್ದು ರಾಜ್ಯದಲ್ಲಿ ದೊಡ್ಡ ಸುದ್ದಿಯಾಯಿತು. ಕರೆಂಟು ಹೋಗಿ ವೆಂಟಿಲೇಟರ್ ನಿಂತದ್ದೇ ಕಾರಣ ಎಂಬ ಆರೋಪ ಕೇಳಿಬಂತು. ಆಸ್ಪತ್ರೆ ಆಡಳಿತ ಅದನ್ನು ಅಲ್ಲಗಳೆಯಿತು. ವಿಧಾನಸಭೆಯಲ್ಲಿ ಚರ್ಚೆಯಾಗಿ ಸರ್ಕಾರ ತನಿಖಾ ಸಮಿತಿ ರಚಿಸಿತು. ಆಗ ಆರೋಗ್ಯ ಸಚಿವರಾಗಿದ್ದವರು ಚಿಕ್ಕಬಳ್ಳಾಪುರದ ಶಾಸಕರಾಗಿದ್ದ ಡಾ. ಕೆ. ಸುಧಾಕರ್.

ಸಾವಿಗೆ ಕಾರಣ ಏನೆಂಬ ವಾದ ಏನೇ ಇರಲಿ, ಆ ಘಟನೆ ಪ್ರತಿ ಆಸ್ಪತ್ರೆಗೂ ಒಂದು ಪ್ರಶ್ನೆ ಬಿಟ್ಟುಹೋಯಿತು. ಅಂಗಳದಲ್ಲಿ ಜನರೇಟರ್ ಓಡುತ್ತಿದ್ದರೆ ಸಾಕೇ? ಅಲ್ಲಿಂದ ಹಾಸಿಗೆಯ ಪಕ್ಕದ ಪ್ಲಗ್‌ವರೆಗೆ ಇರುವ ಕೇಬಲ್, ಸ್ವಿಚ್, ಪ್ಯಾನೆಲ್‌ಗಳಲ್ಲಿ ಒಂದು ಹೋದರೂ ಎಲ್ಲ ಹೋದಂತೆ. ಬೆಸ್ಕಾಂ ಕರೆಂಟೂ ಜನರೇಟರ್ ಕರೆಂಟೂ ಕೊನೆಗೆ ಒಂದೇ ಕೇಬಲ್‌ನಲ್ಲಿ ಬರುವುದಾದರೆ, ಆ ಕೇಬಲ್ ಸುಟ್ಟ ದಿನ ಎರಡೂ ಇಲ್ಲ. ಮೊದಲ ಸಾಲಿನ ಇನ್ವರ್ಟರ್ ಲೈನನ್ನು ಬೇರೆಯಾಗಿ ಎಳೆದು, ಅದರ ಪ್ಲಗ್‌ಗಳಿಗೆ ಕೆಂಪು ಬಣ್ಣ ಬಳಿದು ಗುರುತು ಮಾಡುವುದು ಇದಕ್ಕೇ.

ಇದನ್ನು ತಿಳಿಯಲು ದಾರಿ ಒಂದೇ. ತಿಂಗಳಿಗೊಮ್ಮೆ, ವೈದ್ಯರು ಇರುವಾಗ, ರೋಗಿಗಳಿಗೆ ತೊಂದರೆಯಾಗದ ಹೊತ್ತು ನೋಡಿ ಮೇನ್ ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ನಿಜವಾದ ಹೊರೆಯಲ್ಲೇ ಓಡಿಸಬೇಕು. ಸುಮ್ಮನೆ ಜನರೇಟರ್ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ನಿಲ್ಲಿಸಿದರೆ ಎಂಜಿನ್ ಸರಿಯಿದೆ ಅಂತ ಮಾತ್ರ ಗೊತ್ತಾಗುತ್ತೆ. ಜನರೇಟರ್ ಕೈಕೊಡುವುದೂ ಬಹಳ ಸಲ ಸಣ್ಣ ಕಾರಣಕ್ಕೆ: ಅದರ ಸ್ಟಾರ್ಟಿಂಗ್ ಬ್ಯಾಟರಿ ಸತ್ತಿರುತ್ತೆ, ಡೀಸೆಲ್ ಇರಲ್ಲ, ಇಲ್ಲವೇ ಕೀ ಇರುವವರು ರಜೆಯಲ್ಲಿರುತ್ತಾರೆ.

ಡೇರಿಗೂ ರೇಷ್ಮೆಗೂ ಇದೇ ಲೆಕ್ಕ

ಜಿಲ್ಲೆಯ ಹಾಲಿನ ಸಂಘಗಳ ಬಲ್ಕ್ ಕೂಲರ್‌ಗೂ ಇದೇ ವಿಧಾನ ಅನ್ವಯ. 4 ಡಿಗ್ರಿಗೆ ಇಳಿದ ಹಾಲು, ದಪ್ಪ ನಿರೋಧಕ ಗೋಡೆಯ ಟ್ಯಾಂಕಿನಲ್ಲಿ ಕೆಲವು ಗಂಟೆ ತಡೆಯುತ್ತೆ. ಆಗತಾನೆ ಕರೆದ ಬೆಚ್ಚಗಿನ ಹಾಲು ತಡೆಯಲ್ಲ. ಆದ್ದರಿಂದ ಬೆಳಗ್ಗೆ, ಸಂಜೆ ಹಾಲು ಅಳೆಯುವ ಹೊತ್ತಿಗೇ ಜನರೇಟರ್ ತಯಾರಿರಬೇಕು. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ತೂಕದ ಯಂತ್ರ ಮತ್ತು ಇ-ಹರಾಜಿನ ಕಂಪ್ಯೂಟರ್ ಮೊದಲ ಸಾಲು. ಅವಕ್ಕೆ ಯುಪಿಎಸ್ ಸಾಕು, ಇಡೀ ಮಾರುಕಟ್ಟೆಯ ದೀಪಕ್ಕಲ್ಲ.

ಗೋಡೆಗೆ ಅಂಟಿಸಬೇಕಾದ ಪಟ್ಟಿ

ಕೊನೆಗೆ, ಹೆರಿಗೆ ಕೊಠಡಿ ಹೊರಗೆ ಒಂದು ಹಾಳೆ ಅಂಟಿಸಿರಲಿ:

– ಜನರೇಟರ್ ಕೀ ಎಲ್ಲಿದೆ, ರಾತ್ರಿ ಪಾಳಿಯಲ್ಲಿ ಓಡಿಸಲು ಬರುವ ಇಬ್ಬರ ಹೆಸರು ಮತ್ತು ನಂಬರ್
– ಡೀಸೆಲ್ ಎಷ್ಟಿದೆ, ಎಷ್ಟು ಗಂಟೆ ಬರುತ್ತೆ
– ಸಿಲಿಂಡರ್ ತುಂಬಿದ ದಿನ
– ಬ್ಯಾಟರಿ ಕೊಂಡ ವರ್ಷ, ಕೊನೆಯ ಸಲ ನೀರು ಹಾಕಿದ ದಿನ
– ಕೊನೆಯ ಸಲ ಮೇನ್ ಆಫ್ ಮಾಡಿ ಪರೀಕ್ಷಿಸಿದ ದಿನ
– ಬೆಸ್ಕಾಂ ಸಹಾಯವಾಣಿ 1912, ಸ್ಥಳೀಯ ಸೆಕ್ಷನ್ ಕಚೇರಿಯ ನಂಬರ್

ಡೀಸೆಲ್‌ಗೆ, ಬ್ಯಾಟರಿ ಬದಲಿಸೋದಕ್ಕೆ ಹಣ ಎಲ್ಲಿಂದ ಎನ್ನುವುದನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಮೊದಲೇ ತೀರ್ಮಾನಿಸಿ ಬರೆದಿಡಬೇಕು. ಜನರೇಟರ್ ಕೊಡಿಸುವ ದಾನಿಗಳು ಸಿಗುತ್ತಾರೆ, ನಾಲ್ಕು ವರ್ಷ ಆದ ಮೇಲೆ ಬ್ಯಾಟರಿ ಕೊಡಿಸುವವರು ಸಿಗೋದು ಕಷ್ಟ. ಸಮಿತಿ ಸದಸ್ಯರು ಮುಂದಿನ ಸಭೆಗೆ ಹೋದಾಗ ಒಂದೇ ಪ್ರಶ್ನೆ ಕೇಳಿದರೂ ಸಾಕು: ನಮ್ಮ ಆಸ್ಪತ್ರೆಯಲ್ಲಿ ಮೇನ್ ಆಫ್ ಮಾಡಿ ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ?